ಹೊಸತೊಡಕಿನ ಸಾರು, ತಪಸ್ಸುಕಾಲದ ಶುಕ್ರವಾರ

2026ರ ಯುಗಾದಿ ಮಾರ್ಚ್ 19ರ ಗುರುವಾರ ಬಂತು. ಮರುದಿನ ಹೊಸತೊಡಕು. ಬೆಳಕು ಹರಿಯುವ ಮೊದಲೇ ಕೋಲಾರದ ಮಟನ್ ಅಂಗಡಿಗಳ ಮುಂದೆ ಸಾಲು, ಹತ್ತು ಗಂಟೆಯ ಹೊತ್ತಿಗೆ ಬೀದಿ ತುಂಬ ಹುರಿದ ಮಸಾಲೆಯ ಘಮ. ಮಧ್ಯಾಹ್ನ ಪಕ್ಕದ ಮನೆಯ ಅಕ್ಕ ಸ್ಟೀಲ್ ಡಬರಿಗೆ ತಟ್ಟೆ ಮುಚ್ಚಿ ತಂದು ನಮ್ಮ ಅಡುಗೆಕಟ್ಟೆಯ ಮೇಲಿಟ್ಟರು. "ಬಿಸಿ ಇರುವಾಗ್ಲೇ ಮುದ್ದೆ ತಿರುವ್ಕೊಂಡು ಉಣ್ರಿ" ಅಂದವರೇ ಹೊರಟುಹೋದರು, ಅವರ ಮನೆ ತುಂಬ ನೆಂಟರು.

ನಮ್ಮದು ಕಥೋಲಿಕ ಮನೆ. ಗೋಡೆಯ ಮೇಲಿನ ಚರ್ಚ್ ಕ್ಯಾಲೆಂಡರಿನಲ್ಲಿ ಅಂದು ತಪಸ್ಸುಕಾಲದ ಶುಕ್ರವಾರ. ಹತ್ತನೇ ತರಗತಿ ಓದುವ ಮಗ ತಟ್ಟೆ ಸರಿಸಿ ಮೂಸಿ ನೋಡಿ ವಾದಕ್ಕೆ ನಿಂತ: "ನಿನ್ನೆ ಸಂತ ಜೋಸೆಫರ ಹಬ್ಬ ಅಲ್ವಾ? ಹಬ್ಬ ಬಂದ್ರೆ ಮಾಂಸ ತಿನ್ನಬಹುದು ಅಂತ ಫಾದರ್ ಹೇಳಿದ್ರು." ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರು: "ನಮ್ಮ ಕಾಲದಲ್ಲಿ ಹಬ್ಬ ಬಂದ್ರೂ ಅಷ್ಟೇ, ಹೋದ್ರೂ ಅಷ್ಟೇ. ತಪಸ್ಸುಕಾಲ ಅಂದ್ರೆ ತಪಸ್ಸುಕಾಲ."

ತಮಾಷೆ ಏನೆಂದರೆ ಇಬ್ಬರ ಮಾತಿನಲ್ಲೂ ನಿಜವಿತ್ತು, ಇಬ್ಬರ ಲೆಕ್ಕವೂ ಒಂದೊಂದು ಕಡೆ ತಪ್ಪಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಥೋಲಿಕ ಮನೆಗಳಲ್ಲಿ ಪ್ರತಿ ಫೆಬ್ರುವರಿ-ಮಾರ್ಚಿನಲ್ಲಿ ಈ ಪ್ರಶ್ನೆ ಎದ್ದೇ ಏಳುತ್ತದೆ. ಯಾವ ಹಬ್ಬ ನೇಮವನ್ನು ಸಡಿಲಿಸುತ್ತದೆ, ಯಾವುದು ಸಡಿಲಿಸುವುದಿಲ್ಲ, ಯಾರಿಗೆ ಯಾವ ನೇಮ ಅನ್ವಯಿಸುತ್ತದೆ ಎಂಬುದನ್ನು ಒಂದೊಂದಾಗಿ ಬಿಡಿಸಿಕೊಳ್ಳೋಣ.

ಒಪ್ಪತ್ತು ಬೇರೆ, ಮಾಂಸ ಬಿಡುವುದು ಬೇರೆ

ಗೊಂದಲದ ಅರ್ಧ ಪಾಲು ಎರಡು ನೇಮಗಳನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತದೆ. ಮೊದಲನೆಯದು ಉಪವಾಸ. ಇದು ಊಟದ ಪ್ರಮಾಣಕ್ಕೆ ಸಂಬಂಧಿಸಿದ್ದು. ಎರಡನೆಯದು ಮಾಂಸ ವರ್ಜನೆ. ಇದು ತಟ್ಟೆಯಲ್ಲಿ ಏನಿದೆ ಎಂಬುದಕ್ಕೆ ಸಂಬಂಧಿಸಿದ್ದು.

ಧರ್ಮಸಭೆ ಹೇಳುವ ಉಪವಾಸ ನೀರೂ ಮುಟ್ಟದ ನಿರಾಹಾರವಲ್ಲ. ದಿನಕ್ಕೆ ಒಂದೇ ಹೊಟ್ಟೆ ತುಂಬ ಊಟ, ಬೆಳಿಗ್ಗೆ ಮತ್ತು ರಾತ್ರಿ ಒಂದಿಷ್ಟು ಲಘು ಆಹಾರ. ಆ ಲಘು ಆಹಾರ ಎಷ್ಟಿರಬೇಕು, ಎಂಥದ್ದಿರಬೇಕು ಎಂಬುದಕ್ಕೆ ಆಯಾ ಊರಿನ ರೂಢಿ ನೋಡಿಕೊಳ್ಳಿ ಎಂದಿತು ಪೋಪ್ ಆರನೇ ಪೌಲರು 1966ರ ಫೆಬ್ರುವರಿ 17ರಂದು ಹೊರಡಿಸಿದ 'ಪೇನಿತೇಮಿನಿ' ಎಂಬ ಶಾಸನ. ನೀರಿಗೂ ಔಷಧಿಗೂ ತಡೆಯಿಲ್ಲ.

ನಮ್ಮ ಕಡೆಯವರಿಗೆ ಇದಕ್ಕೆ ಹೊಸ ಪದ ಹುಡುಕುವ ಕಷ್ಟವೇ ಇಲ್ಲ. ಕನ್ನಡದಲ್ಲಿ ಇದು ಒಪ್ಪತ್ತು. ಆಂಧ್ರದ ಗಡಿಗೆ ಅಂಟಿಕೊಂಡ ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮನೆಮಾತಿನವರಿಗೆ ಒಕ್ಕಪೊದ್ದು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚಿಗೆ ಹೋಗುತ್ತ ಬೆಳೆದ ತಮಿಳು ಗಣಿ ಕಾರ್ಮಿಕರ ಕುಟುಂಬಗಳಿಗೆ ಒರುಸಂದಿ. ಮೂರು ಭಾಷೆಯಲ್ಲೂ ಅರ್ಥ ಒಂದೇ: ಒಂದು ಹೊತ್ತು. ತಮಿಳು ಕಥೋಲಿಕರ ಹಳೆಯ ಜ್ಞಾನೋಪದೇಶದಲ್ಲಿ ಮಾಂಸ ಬಿಡುವುದಕ್ಕೆ ಪ್ರತ್ಯೇಕವಾಗಿ 'ಶುದ್ಧಭೋಜನ' ಎಂಬ ಹೆಸರೇ ಇದೆ. ಹಿರಿಯರು ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದರು, ಬೆರೆಸಿದವರು ನಾವು.

ಈಗ ನೇಮ ನೋಡಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 1249ರಿಂದ 1253ರವರೆಗಿನ ಐದು ವಿಧಿಗಳಲ್ಲಿ ಇಷ್ಟೂ ಅಡಗಿದೆ. ಒಪ್ಪತ್ತು ಮತ್ತು ಮಾಂಸ ವರ್ಜನೆ ಎರಡೂ ಸೇರಿ ಕಡ್ಡಾಯವಾಗಿರುವುದು ವರ್ಷಕ್ಕೆ ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಶುಕ್ರವಾರಗಳಂದು ಮಾಂಸ ವರ್ಜನೆ ಮಾತ್ರ. ಸಂಹಿತೆ ಹೇಳುವುದು ವರ್ಷದ ಎಲ್ಲ ಶುಕ್ರವಾರಗಳನ್ನು. ತಪಸ್ಸುಕಾಲದಾಚೆಗಿನ ಶುಕ್ರವಾರಗಳಿಗೆ ಮಾಂಸದ ಬದಲು ಬೇರೊಂದು ತ್ಯಾಗವನ್ನೋ ದಾನವನ್ನೋ ಆರಿಸಿಕೊಳ್ಳಲು ಹಲವು ದೇಶಗಳ ಧರ್ಮಾಧ್ಯಕ್ಷರು ಬಿಟ್ಟಿದ್ದಾರೆ. ಆ ಅಧಿಕಾರವನ್ನು 1253ನೇ ವಿಧಿಯೇ ಅವರಿಗೆ ಕೊಟ್ಟಿದೆ. ಕೋಲಾರ ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು. ಆದ್ದರಿಂದ ಬೂದಿ ಬುಧವಾರಕ್ಕೆ ಮುಂಚಿನ ಭಾನುವಾರ ಪೂಜೆಯ ಕೊನೆಗೆ ಓದುವ ಪ್ರಕಟಣೆಗೆ ಕಿವಿಗೊಡಿ. ಎಲ್ಲರೂ ಬಾಗಿಲ ಕಡೆ ತಿರುಗುವ ಆ ಎರಡು ನಿಮಿಷದಲ್ಲೇ ಆ ವರ್ಷದ ನೇಮ ಇರುತ್ತದೆ.

ಭಾನುವಾರ ತಪಸ್ಸುಕಾಲದೊಳಗೇ ಬಂದರೂ ಒಪ್ಪತ್ತಿನ ದಿನವಲ್ಲ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಎಣಿಸಿದರೆ 46 ದಿನ, ಆರು ಭಾನುವಾರ ಕಳೆದರೆ 40. ನಲವತ್ತರ ಲೆಕ್ಕ ಸರಿಹೋಗುವುದು ಹೀಗೆ.

ಯಾರಿಗೆ, ಎಷ್ಟು ವಯಸ್ಸಿನವರೆಗೆ

ಮಾಂಸ ವರ್ಜನೆ 14 ವರ್ಷ ತುಂಬಿದವರಿಗೆಲ್ಲ ಅನ್ವಯ. ಮೇಲಿನ ಮಿತಿ ಇಲ್ಲ, ತೊಂಬತ್ತರ ಅಜ್ಜನಿಗೂ ಉಂಟು. ಒಪ್ಪತ್ತು 18 ತುಂಬಿದವರಿಂದ ಹಿಡಿದು ಅರವತ್ತನೇ ವರ್ಷ ಆರಂಭವಾಗುವವರೆಗೆ. ಇಲ್ಲೇ ಬಹಳ ಜನ ಎಡವುತ್ತಾರೆ. ಅರವತ್ತನೇ ವರ್ಷ ಆರಂಭವಾಗುವುದು 59 ತುಂಬಿದಾಗ. ಉದಾಹರಣೆಗೆ 1967ರ ಮಾರ್ಚ್ 1ರಂದು ಹುಟ್ಟಿದವರಿಗೆ 2026ರ ಬೂದಿ ಬುಧವಾರ, ಅಂದರೆ ಫೆಬ್ರುವರಿ 18ರಂದು, ಒಪ್ಪತ್ತು ಕಡ್ಡಾಯವಾಗಿತ್ತು. ಏಪ್ರಿಲ್ 3ರ ಶುಭ ಶುಕ್ರವಾರದ ಹೊತ್ತಿಗೆ 59 ತುಂಬಿದ್ದರಿಂದ ಕಡ್ಡಾಯ ತಪ್ಪಿತು. ಮಾಂಸ ಬಿಡುವುದು ಮಾತ್ರ ತಪ್ಪಲಿಲ್ಲ.

ನನ್ನ ಮಗನಿಗೆ 15. ಅವನಿಗೆ ಒಪ್ಪತ್ತಿನ ಕಟ್ಟಿಲ್ಲ, ಪರೀಕ್ಷೆಯ ತಿಂಗಳಲ್ಲಿ ಮೂರು ಹೊತ್ತೂ ಉಣ್ಣಲಿ. ಡಬರಿಯ ಮೇಲಿನ ಆಸೆಗೆ ಮಾತ್ರ ಆ ರಿಯಾಯಿತಿ ಇಲ್ಲ. ಹದಿನಾಲ್ಕಾಗದ ಮಕ್ಕಳಿಗೆ ಕಟ್ಟುನಿಟ್ಟು ಬೇಡ, ಆದರೆ ತಪಸ್ಸಿನ ಅರ್ಥ ತಿಳಿಸಿಕೊಡುವುದು ಹೆತ್ತವರ ಮತ್ತು ಗುರುಗಳ ಕೆಲಸ ಎನ್ನುತ್ತದೆ 1252ನೇ ವಿಧಿ.

ಕಾಯಿಲೆಯವರು, ಬಸುರಿಯರು, ಬಾಣಂತಿಯರು, ಮೈಮುರಿದು ದುಡಿಯುವವರು ಒಪ್ಪತ್ತು ಇರಲೇಬೇಕೆಂದು ಧರ್ಮಸಭೆ ಎಂದೂ ಒತ್ತಾಯಿಸಿಲ್ಲ. ಮಾಲೂರಿನ ಇಟ್ಟಿಗೆಗೂಡಿನ ಬಿಸಿಯಲ್ಲಿ ನಿಲ್ಲುವವರು, ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟ್ ಹೊರುವವರು, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಬೆನ್ನಿಗೆ ಸ್ಪ್ರೇ ಡಬ್ಬ ಕಟ್ಟಿಕೊಂಡು ಬಿಸಿಲಲ್ಲಿ ತಿರುಗುವವರು ಹೊಟ್ಟೆಗೆ ಬೇಕಾದಷ್ಟು ತಿಂದು ಬೇರೇನನ್ನಾದರೂ ಬಿಡಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಸಕ್ಕರೆ ಅಂಶ ಕುಸಿದು ತಲೆಸುತ್ತಿ ಬೀಳುವ ಅಪಾಯವಿದೆ. ಡಾಕ್ಟರನ್ನು ಕೇಳದೆ ಒಪ್ಪತ್ತಿಗೆ ಇಳಿಯಬೇಡಿ.

ಹಬ್ಬಕ್ಕೂ ತೂಕವಿದೆ

ಈಗ ಮಗನ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ನಾವು ಎಲ್ಲವನ್ನೂ ಹಬ್ಬ ಎಂದುಬಿಡುತ್ತೇವೆ. ಪೂಜಾ ಕ್ಯಾಲೆಂಡರ್ ಹಾಗೆ ಮಾಡುವುದಿಲ್ಲ. ಅದರಲ್ಲಿ ಮೂರು ಮೆಟ್ಟಿಲು: ಎಲ್ಲಕ್ಕಿಂತ ಮೇಲೆ ಮಹೋತ್ಸವ, ಅದರ ಕೆಳಗೆ ಹಬ್ಬ, ಕೊನೆಗೆ ಸ್ಮರಣೆ. 1251ನೇ ವಿಧಿಯ ಪ್ರಕಾರ ಶುಕ್ರವಾರದ ಮಾಂಸ ವರ್ಜನೆಯನ್ನು ತೆಗೆಯುವ ಶಕ್ತಿ ಇರುವುದು ಮೊದಲ ಮೆಟ್ಟಿಲಿಗೆ, ಅಂದರೆ ಮಹೋತ್ಸವಕ್ಕೆ ಮಾತ್ರ.

ಫೆಬ್ರುವರಿ 22ರ ಸಂತ ಪೇತ್ರರ ಪೀಠದ ದಿನ ಹಬ್ಬ, ಮಹೋತ್ಸವವಲ್ಲ. ಫೆಬ್ರುವರಿ 11ರ ಲೂರ್ದು ಮಾತೆಯ ದಿನ ಸ್ಮರಣೆ. ಮಾರ್ಚ್ 17ರ ಸಂತ ಪ್ಯಾಟ್ರಿಕ್ ಐರ್ಲೆಂಡಿನವರಿಗೆ ಮಹೋತ್ಸವ, ನಮಗೆ ಬರೀ ಸ್ಮರಣೆ. ಇವು ತಪಸ್ಸುಕಾಲದ ಶುಕ್ರವಾರ ಬಂದರೆ ಪೂಜೆಯಲ್ಲಿ ನೆನೆಯುತ್ತೇವೆ, ಅಡುಗೆಮನೆಯಲ್ಲಿ ಏನೂ ಬದಲಾಗುವುದಿಲ್ಲ.

ಕ್ಯಾಲೆಂಡರಿನ ಸಣ್ಣ ಅಕ್ಷರ ಓದಲಾಗದಿದ್ದರೆ ಬೆಳಗಿನ ಪೂಜೆಯಲ್ಲೇ ಗುರುತು ಸಿಗುತ್ತದೆ. ತಪಸ್ಸುಕಾಲದ ಮಾಮೂಲಿ ದಿನ ಗುರುಗಳು ನೇರಳೆ ಉಡುಪಿನಲ್ಲಿರುತ್ತಾರೆ, ಪೀಠದ ಮೇಲೆ ಹೂವಿರುವುದಿಲ್ಲ, ಮಹಿಮೆಯ ಗೀತೆ ಇರುವುದಿಲ್ಲ. ಸಂತ ಜೋಸೆಫರ ದಿನ ಬಂತೆಂದರೆ ಬಿಳಿಯ ಉಡುಪು, ಮಾಲೂರಿನ ತೋಟದ ಗುಲಾಬಿ ಮತ್ತೆ ಪೀಠಕ್ಕೆ. ಮಹಿಮೆಯ ಗೀತೆ ಹಾಡಿ, ಪ್ರಬೋಧನೆಯಾದ ಮೇಲೆ ವಿಶ್ವಾಸ ಪ್ರಮಾಣವನ್ನೂ ಹೇಳಿದರೆ ಅಂದು ಮಹೋತ್ಸವ. ಮಹಿಮೆಯ ಗೀತೆ ಮಾತ್ರ ಇದ್ದು ವಿಶ್ವಾಸ ಪ್ರಮಾಣ ಇಲ್ಲದಿದ್ದರೆ ಅದು ಹಬ್ಬ. 'ಅಲ್ಲೆಲೂಯ' ಮಾತ್ರ ಎಂಥ ಮಹೋತ್ಸವವಿದ್ದರೂ ತಪಸ್ಸುಕಾಲ ಮುಗಿಯುವವರೆಗೆ ಕೇಳಿಸುವುದಿಲ್ಲ. ಈಸ್ಟರ್ ಜಾಗರಣೆಯ ರಾತ್ರಿಗೆ ಅದನ್ನು ಕಾಯ್ದಿಟ್ಟಿರುತ್ತಾರೆ.

ಮಾರ್ಚ್ 19 ಮತ್ತು ಮಾರ್ಚ್ 25

ತಪಸ್ಸುಕಾಲದೊಳಗೆ ಎಲ್ಲ ಊರಿಗೂ ಅನ್ವಯಿಸುವಂತೆ ಬರುವ ಮಹೋತ್ಸವಗಳು ಎರಡು. ಮಾರ್ಚ್ 19, ಮರಿಯಮ್ಮನವರ ಪತಿ ಸಂತ ಜೋಸೆಫರದು. ಮಾರ್ಚ್ 25, ದೇವದೂತ ಗಬ್ರಿಯೇಲ ಮರಿಯಮ್ಮನವರಿಗೆ ಶುಭಸಂದೇಶ ತಂದ ಮಂಗಳವಾರ್ತೆಯ ದಿನ. ಕ್ರಿಸ್ಮಸ್‌ನಿಂದ ಸರಿಯಾಗಿ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರೆ ಈ ದಿನ ಸಿಗುತ್ತದೆ.

ಇವು ಶುಕ್ರವಾರ ಬಂದರೆ ಅಂದು ಮಾಂಸ ತಿನ್ನಬಹುದು. 2021ರ ಮಾರ್ಚ್ 19 ಶುಕ್ರವಾರವಾಗಿತ್ತು. ಪೋಪ್ ಫ್ರಾನ್ಸಿಸ್ ಘೋಷಿಸಿದ್ದ ಸಂತ ಜೋಸೆಫರ ವರ್ಷವೂ ಆಗ ನಡೆದಿತ್ತು. 2022ರಲ್ಲಿ ಮಂಗಳವಾರ್ತೆಯ ದಿನ ಶುಕ್ರವಾರ ಬಿತ್ತು. 2027ರ ಮಾರ್ಚ್ 19 ಮತ್ತೆ ಶುಕ್ರವಾರ, ಗರಿಗಳ ಭಾನುವಾರಕ್ಕೆ ಎರಡು ದಿನ ಮೊದಲು.

ಆದರೆ ಈ ಎರಡು ದಿನಗಳೂ ಆಗಾಗ ಜಾಗ ಬದಲಿಸುತ್ತವೆ. ಮಹೋತ್ಸವಕ್ಕಿಂತಲೂ ತೂಕದ ದಿನಗಳಿವೆ: ತಪಸ್ಸುಕಾಲದ ಭಾನುವಾರಗಳು, ಬೂದಿ ಬುಧವಾರ, ಪವಿತ್ರ ವಾರ. ಅವುಗಳಿಗೆ ಅಡ್ಡ ಬಂದರೆ ಮಹೋತ್ಸವವೇ ಪಕ್ಕಕ್ಕೆ ಸರಿಯಬೇಕು. ಸಂತ ಜೋಸೆಫರ ದಿನ ಭಾನುವಾರ ಬಂದರೆ ಸೋಮವಾರಕ್ಕೆ ಹೋಗುತ್ತದೆ. 2023ರಲ್ಲಿ ಹೀಗಾಗಿ ಮಾರ್ಚ್ 20ರಂದು ಆಚರಿಸಿದೆವು. ಪವಿತ್ರ ವಾರದಲ್ಲಿ ಬಂದರೆ ಗರಿಗಳ ಭಾನುವಾರಕ್ಕೆ ಮುಂಚಿನ ಶನಿವಾರಕ್ಕೆ ಹಿಂದೆ ಸರಿಯುತ್ತದೆ. ಈಸ್ಟರ್ ಮಾರ್ಚ್ 23ಕ್ಕೇ ಬಂದಿದ್ದ 2008ರಲ್ಲಿ ಅದು ಮಾರ್ಚ್ 15ಕ್ಕೆ ಬಂತು. ಮಂಗಳವಾರ್ತೆಯ ದಿನ ಪವಿತ್ರ ವಾರಕ್ಕೋ ಈಸ್ಟರ್ ವಾರಕ್ಕೋ ಸಿಕ್ಕಿಕೊಂಡರೆ ಈಸ್ಟರ್ ನಂತರದ ಎರಡನೇ ವಾರದ ಸೋಮವಾರಕ್ಕೆ ಮುಂದೆ ಹೋಗುತ್ತದೆ.

ಮಹೋತ್ಸವ ಎಲ್ಲಿಗೆ ಹೋಯಿತೋ ಅದರ ರಿಯಾಯಿತಿಯೂ ಅಲ್ಲಿಗೇ ಹೋಗುತ್ತದೆ. ಹಳೆಯ ತಾರೀಖಿನಲ್ಲಿ ಏನೂ ಉಳಿದಿರುವುದಿಲ್ಲ. 2016ರ ಮಾರ್ಚ್ 25 ಶುಭ ಶುಕ್ರವಾರವೇ ಆಗಿತ್ತು. ಮಂಗಳವಾರ್ತೆಯ ಆಚರಣೆ ಏಪ್ರಿಲ್ 4ಕ್ಕೆ ಸರಿಯಿತು, ಮಾರ್ಚ್ 25ರಂದು ಒಪ್ಪತ್ತೂ ಮಾಂಸ ವರ್ಜನೆಯೂ ಎಂದಿನಂತೆ ನಡೆದವು. ಬೂದಿ ಬುಧವಾರವನ್ನೂ ಶುಭ ಶುಕ್ರವಾರವನ್ನೂ ಯಾವ ಹಬ್ಬವೂ ಅಲುಗಿಸುವುದಿಲ್ಲ. 2024ರಲ್ಲಿ ಬೂದಿ ಬುಧವಾರ ಫೆಬ್ರುವರಿ 14ಕ್ಕೆ ಬಂದು ಪ್ರೇಮಿಗಳ ದಿನದ ಬಿರಿಯಾನಿ ತಪ್ಪಿಸಿಕೊಂಡವರಿಗೆ ಇದು ಗೊತ್ತೇ ಇದೆ. 2029ರಲ್ಲೂ ಅದೇ ಕಥೆ.

ಇನ್ನೊಂದು ಸೂಕ್ಷ್ಮ. ಪೂಜಾವಿಧಿಯಲ್ಲಿ ಮಹೋತ್ಸವ ಹಿಂದಿನ ಸಂಜೆಯ ಪ್ರಾರ್ಥನೆಯಿಂದಲೇ ಶುರುವಾಗುತ್ತದೆ. ಊಟದ ನೇಮದ ದಿನ ಮಾತ್ರ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಶನಿವಾರ ಮಹೋತ್ಸವವಿದೆ ಎಂದು ಶುಕ್ರವಾರ ಸಂಜೆ ಕೋಳಿ ಬೇಯಿಸಿ ಉಣ್ಣುವಂತಿಲ್ಲ. ಗುರುವಾರದ ಮಹೋತ್ಸವ ಶುಕ್ರವಾರದ ಮಧ್ಯಾಹ್ನಕ್ಕೆ ಎಳೆಸುವುದೂ ಇಲ್ಲ. ನನ್ನ ಮಗನ ವಾದ ಸೋತದ್ದು ಇಲ್ಲೇ.

ಅತ್ತೆಯ ಕಾಲದ ಮಾತು

ಹಾಗಾದರೆ ಅತ್ತೆ ಹೇಳಿದ್ದು? ಅವರು ಕಲಿತ ಕಾಲಕ್ಕೆ ಅದು ಅಕ್ಷರಶಃ ಸರಿ. 1917ರ ಹಳೆಯ ಕಾನೂನು ಸಂಹಿತೆಯಲ್ಲಿ ಭಾನುವಾರಗಳಂದೂ ಕಡ್ಡಾಯ ಹಬ್ಬಗಳಂದೂ ನೇಮ ಸಡಿಲವಾಗುತ್ತಿತ್ತು, ಆದರೆ ತಪಸ್ಸುಕಾಲದಲ್ಲಿ ಬರುವ ಹಬ್ಬಗಳನ್ನು ಆ ರಿಯಾಯಿತಿಯಿಂದ ಬೇಕೆಂದೇ ಹೊರಗಿಟ್ಟಿದ್ದರು. ಹಬ್ಬ ಬಂದರೂ ತಪಸ್ಸು ತಪಸ್ಸೇ. 1966ರ ಶಾಸನ ಕಡ್ಡಾಯ ಪೂಜೆಯ ಹಬ್ಬ ಶುಕ್ರವಾರ ಬಂದರೆ ಬಿಡುವು ಕೊಟ್ಟಿತು. 1983ರ ಸಂಹಿತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಯಾವುದೇ ಮಹೋತ್ಸವವಾದರೂ ಸಾಕು ಎಂದಿತು. ಅಂದು ಪೂಜೆಗೆ ಹೋಗುವುದು ಕಡ್ಡಾಯವೋ ಅಲ್ಲವೋ ಎಂಬ ಪ್ರಶ್ನೆ ಈಗ ಲೆಕ್ಕಕ್ಕಿಲ್ಲ.

ಅಜ್ಜ ಅಜ್ಜಿಯರು ಹೇಳಿದ್ದನ್ನು ಮೂಢನಂಬಿಕೆ ಎಂದು ತಳ್ಳುವ ಮೊದಲು ಇದು ನೆನಪಿರಲಿ. ಅವರು ಬಿಗಿಯಾಗಿ ಹಿಡಿದದ್ದು ಅವರ ಕಾಲದ ಕಾನೂನನ್ನು. ಈಗಿನ ರಿಯಾಯಿತಿಯೂ ಅಪ್ಪಣೆಯಲ್ಲ, ಅನುಮತಿ. ಮಹೋತ್ಸವದ ಶುಕ್ರವಾರವೂ ಸೊಪ್ಪುಸಾರೇ ಉಣ್ಣುತ್ತೇನೆ ಎನ್ನುವವರನ್ನು ಯಾರೂ ತಡೆಯುವುದಿಲ್ಲ. ಪಾಯಸವನ್ನಾದರೂ ಮಾಡಿ ಹಬ್ಬವನ್ನು ಹಬ್ಬವಾಗಿ ಉಂಡರೆ ಚೆನ್ನ.

ಊರ ಹಬ್ಬ, ಮದುವೆ, ನೆಂಟರು

ಚರ್ಚಿನ ಸ್ವಂತ ಹಬ್ಬದ ಲೆಕ್ಕ ಬೇರೆ. ಯಾವ ಸಂತರ, ಯಾವ ಮಾತೆಯ ಹೆಸರಿನಲ್ಲಿ ದೇವಾಲಯ ಇದೆಯೋ ಅವರ ದಿನ ಆ ದೇವಾಲಯಕ್ಕೆ ಮಹೋತ್ಸವ, ಬೇರೆಡೆ ಅದು ಬರೀ ಸ್ಮರಣೆಯಾಗಿದ್ದರೂ ಸರಿ. 2005ರ ಫೆಬ್ರುವರಿ 11 ಬೂದಿ ಬುಧವಾರದ ಮರುದಿನ ಕಳೆದು ಬಂದ ಶುಕ್ರವಾರವಾಗಿತ್ತು. ಲೂರ್ದು ಮಾತೆಯ ಹೆಸರಿನ ದೇವಾಲಯದವರಿಗೆ ಅಂದು ಮಹೋತ್ಸವ, ಪಕ್ಕದ ಊರಿನವರಿಗೆ ಮಾಂಸವಿಲ್ಲದ ಶುಕ್ರವಾರ. ತೇರು ಎಳೆಯುವ ದಿನವನ್ನು ಅನುಕೂಲಕ್ಕೆ ತಕ್ಕಂತೆ ಇಟ್ಟುಕೊಂಡಿರುತ್ತಾರೆ. ರಿಯಾಯಿತಿ ಅಂಟಿಕೊಂಡಿರುವುದು ಮಹೋತ್ಸವಕ್ಕೆ, ತೇರಿಗಲ್ಲ.

ಹುಟ್ಟುಹಬ್ಬ, ಗೃಹಪ್ರವೇಶ, ಬೀಗರೂಟ, ತಿಥಿ, ಹೊಸತೊಡಕು, ರಂಜಾನ್ ಬಿರಿಯಾನಿ ಇವು ಎಷ್ಟೇ ಪ್ರೀತಿಯವಾದರೂ ಪೂಜಾ ಕ್ಯಾಲೆಂಡರಿನ ಮಹೋತ್ಸವಗಳಲ್ಲ. 2025ರಲ್ಲಿ ಹೊಸತೊಡಕೂ ರಂಜಾನ್ ಹಬ್ಬವೂ ಮಾರ್ಚ್ 31ರ ಸೋಮವಾರ ಒಟ್ಟಿಗೇ ಬಂದವು. ತಪಸ್ಸುಕಾಲವೇ ಆಗಿದ್ದರೂ ಶುಕ್ರವಾರವಲ್ಲದ ಕಾರಣ ಕಾನೂನಿನ ತಡೆಯಿರಲಿಲ್ಲ. 2026ರಲ್ಲಿ ತಡೆ ಬಂತು. 2028ರ ಶುಭ ಶುಕ್ರವಾರ ಏಪ್ರಿಲ್ 14ಕ್ಕೆ, ಅಂಬೇಡ್ಕರ್ ಜಯಂತಿಯ ದಿನವೇ ಬರುತ್ತದೆ, 2017ರಲ್ಲಿ ಬಂದಿದ್ದ ಹಾಗೆ. ಮೆರವಣಿಗೆಯಲ್ಲಿ ಹೆಜ್ಜೆ ಹಾಕಿ, ಭಾಷಣ ಕೇಳಿ, ಊಟಕ್ಕೆ ಮಾತ್ರ ಒಪ್ಪತ್ತನ್ನು ನೆನೆಯಿರಿ. ಮಧ್ಯಾಹ್ನ ಮೂರರ ಆಸುಪಾಸಿನ ಶಿಲುಬೆಯ ಆರಾಧನೆಗೂ ಮೊದಲೇ ಸಮಯ ಹೊಂದಿಸಿಕೊಳ್ಳಿ.

ತಪ್ಪಿಸಲಾಗದ ಸಂದರ್ಭ ಬಂದರೆ ದಾರಿ ಇಲ್ಲವೆಂದಲ್ಲ. 1245ನೇ ವಿಧಿಯ ಪ್ರಕಾರ ಧರ್ಮಕೇಂದ್ರದ ಗುರುಗಳು ನ್ಯಾಯವಾದ ಕಾರಣವಿದ್ದರೆ ಒಬ್ಬ ವ್ಯಕ್ತಿಗೋ ಒಂದು ಕುಟುಂಬಕ್ಕೋ ವಿನಾಯಿತಿ ಕೊಡಬಹುದು, ಅಥವಾ ನೇಮವನ್ನು ಬೇರೊಂದು ಪುಣ್ಯಕಾರ್ಯಕ್ಕೆ ಬದಲಿಸಬಹುದು. ಮಗಳ ಬೀಗರು ಆ ಶುಕ್ರವಾರವೇ ಊಟಕ್ಕೆ ಕರೆದಿದ್ದಾರೆ ಎಂದರೆ ಮೊದಲೇ ಹೋಗಿ ಕೇಳಿ. ಉಂಡು ಬಂದು ಪಾಪನಿವೇದನೆಯಲ್ಲಿ ಹೇಳುವುದಕ್ಕಿಂತ ಇದು ನೇರ ದಾರಿ. ಇಡೀ ಧರ್ಮಪ್ರಾಂತ್ಯಕ್ಕೆ ವಿನಾಯಿತಿ ಕೊಡುವ ಅಧಿಕಾರ ಧರ್ಮಾಧ್ಯಕ್ಷರದ್ದು.

ನೆಂಟರಲ್ಲೂ ಎಲ್ಲ ಕ್ರೈಸ್ತರಿಗೆ ಒಂದೇ ನೇಮವಿಲ್ಲ. ಕೋಲಾರದಲ್ಲಿ ಇಟಿಸಿಎಂ ಆಸ್ಪತ್ರೆಯ ಹೆಸರು ಕೇಳದವರಿಲ್ಲ, ಅದನ್ನು ಕಟ್ಟಿದವರು ಮೆಥಡಿಸ್ಟರು. ಆ ಸಭೆಯವರು ಈ ದಿನಗಳಲ್ಲಿ ಉಪವಾಸ, ಪ್ರಾರ್ಥನೆ ಮಾಡುತ್ತಾರೆ, ಆದರೆ ಕಥೋಲಿಕರ ಕಾನೂನು ಅವರಿಗೆ ಅನ್ವಯಿಸದು. ಕೇರಳ ಮೂಲದ ಸೀರೋ ಮಲಬಾರ್ ಕಥೋಲಿಕರಿಗೆ ಪೂರ್ವ ಧರ್ಮಸಭೆಗಳ ಪ್ರತ್ಯೇಕ ಸಂಹಿತೆ ಇದೆ. ಅವರ ಐವತ್ತು ದಿನದ ನೋಂಬು ನಮ್ಮ ಬೂದಿ ಬುಧವಾರಕ್ಕೆ ಎರಡು ದಿನ ಮುಂಚೆ, ಸೋಮವಾರವೇ ಶುರುವಾಗುತ್ತದೆ.

ಹರಕೆ ಕಟ್ಟಿಕೊಂಡವರಿಗೆ

ನಮ್ಮ ಕಡೆ ಅನೇಕರು ಕಾನೂನು ಕೇಳುವುದಕ್ಕಿಂತ ಹೆಚ್ಚು ಮಾಡುತ್ತಾರೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಮನೆಗೆ ಮಾಂಸವನ್ನೇ ತರುವುದಿಲ್ಲ. ಬೀಡಿ, ಎಣ್ಣೆ ಬಿಡುವವರೂ ಉಂಟು. ಇದು ಭಕ್ತಿಯ ರೂಢಿ. ಮಹೋತ್ಸವದ ದಿನ ಇದನ್ನು ಸಡಿಲಿಸುವುದೂ ಬಿಡುವುದೂ ನಿಮ್ಮ ಇಷ್ಟ, ಯಾರ ಅಪ್ಪಣೆಯೂ ಬೇಡ.

ದೇವರ ಮುಂದೆ ಮಾತು ಕೊಟ್ಟು ಹರಕೆ ಹೊತ್ತಿದ್ದರೆ ವಿಷಯ ಬೇರೆ. ಮಗುವಿಗೆ ವಾಸಿಯಾದರೆ ನಲವತ್ತು ದಿನ ಮಾಂಸ ಮುಟ್ಟುವುದಿಲ್ಲ ಎಂದು ವೇಳಾಂಕಣಿ ಮಾತೆಯ ಸನ್ನಿಧಿಯಲ್ಲಿ ನಿಂತು ಹೇಳಿ ಬಂದವರಿಗೆ ಮಾರ್ಚ್ 19ರ ರಿಯಾಯಿತಿ ತಾನಾಗಿ ಅನ್ವಯಿಸದು, ಏಕೆಂದರೆ ಅವರನ್ನು ಕಟ್ಟಿರುವುದು ಶುಕ್ರವಾರದ ಕಾನೂನಲ್ಲ, ಅವರದೇ ಮಾತು. ಅಂಥ ಖಾಸಗಿ ಹರಕೆಯನ್ನು ಬಿಡಿಸುವ ಅಧಿಕಾರವೂ ಧರ್ಮಕೇಂದ್ರದ ಗುರುಗಳಿಗಿದೆ. ಹರಕೆ ಹೊರುವಾಗಲೇ 'ಭಾನುವಾರ, ಮಹೋತ್ಸವ ಬಿಟ್ಟು' ಎಂದು ಸೇರಿಸಿಕೊಳ್ಳುವುದು ಜಾಣತನ.

ತಟ್ಟೆಯಲ್ಲಿ ಏನಿರಬಹುದು

ಕುರಿ, ಮೇಕೆ, ಹಂದಿ, ದನ, ಕೋಳಿ ಇವೆಲ್ಲ ಮಾಂಸವೇ. ಕೋಳಿಯನ್ನು ಮಾಂಸದ ಲೆಕ್ಕಕ್ಕೆ ಸೇರಿಸದವರು ಇಂದಿಗೂ ಇದ್ದಾರೆ, ಅದು ತಪ್ಪು. ಮೀನು, ಮೊಟ್ಟೆ, ಹಾಲು, ಮೊಸರು, ಬೆಣ್ಣೆ, ತುಪ್ಪಕ್ಕೆ ತಡೆಯಿಲ್ಲ. ಸಮುದ್ರ ದೂರವಿದ್ದರೂ ನಮ್ಮ ಜಿಲ್ಲೆಯಲ್ಲಿ ಕೆರೆಮೀನು ಸಿಗುತ್ತದೆ, ಸಂತೆಯಲ್ಲಿ ಒಣಮೀನು ಸಿಗುತ್ತದೆ.

ತುಂಡು ಬದಿಗಿಟ್ಟು ಬರೀ ಸಾರು ಬಡಿಸಿಕೊಂಡರೆ? 1917ರ ಸಂಹಿತೆ ಮಾಂಸದ ಜೊತೆಗೆ ಮಾಂಸದ ಸಾರನ್ನೂ ಹೆಸರಿಸಿ ನಿಷೇಧಿಸಿತ್ತು. 1966ರ ಪಠ್ಯದಲ್ಲಿ ಸಾರಿನ ಹೆಸರಿಲ್ಲ, ಪ್ರಾಣಿಕೊಬ್ಬಿನ ಒಗ್ಗರಣೆಗೆ ಅವಕಾಶವನ್ನೂ ಕೊಟ್ಟಿದೆ. ಹಾಗೆಂದು ಮೂಳೆ ಕುದಿಸಿದ ಸಾರಿಗೆ ಮುದ್ದೆ ಅದ್ದಿ ನುಂಗಿ 'ತುಂಡು ತಿಂದಿಲ್ಲ' ಎನ್ನುವುದು ನೇಮ ಪಾಲಿಸಿದಂತಲ್ಲ, ನೇಮಕ್ಕೆ ಕಣ್ಣಾಮುಚ್ಚಾಲೆ ಆಡಿಸಿದಂತೆ.

ಒಪ್ಪತ್ತಿನ ಎರಡು ದಿನಗಳಿಗೆ ನಮ್ಮ ಅಡುಗೆಯೇ ಹೇಳಿ ಮಾಡಿಸಿದ್ದು. ಬೆಳಿಗ್ಗೆ ಒಂದು ಲೋಟ ರಾಗಿ ಗಂಜಿ. ಮಧ್ಯಾಹ್ನ ಮುದ್ದೆಗೆ ಹುರುಳಿಕಾಳಿನ ಬಸ್ಸಾರು ಅಥವಾ ಮಸ್ಸೊಪ್ಪು, ಇದೇ ಪೂರ್ತಿ ಊಟ. ರಾತ್ರಿ ಮಜ್ಜಿಗೆ, ಬೇಕಾದರೆ ಒಂದು ಬಾಳೆಹಣ್ಣು. ತಪಸ್ಸುಕಾಲದ ಶುಕ್ರವಾರ ತುಪ್ಪ ಸುರಿದ ಮುಳಬಾಗಿಲು ದೋಸೆ ತಿಂದರೆ ಕಾನೂನು ಮುರಿಯುವುದಿಲ್ಲ. ಐದನೆಯದಕ್ಕೆ ಆರ್ಡರ್ ಕೊಡುವಾಗ ಮಾತ್ರ ಒಂದು ಗಳಿಗೆ ಯೋಚಿಸಿ. ಮಾಂಸದ ದುಡ್ಡು ಉಳಿಸಿ ಅದಕ್ಕೆ ದುಪ್ಪಟ್ಟು ಪನೀರಿಗೆ ಹಾಕಿದರೆ ಬಡವನ ತಟ್ಟೆಗೆ ಏನೂ ಬರಲಿಲ್ಲ. ಹಸಿದವನ ಜೊತೆ ರೊಟ್ಟಿ ಹಂಚಿಕೊಳ್ಳುವುದೇ ತನಗೆ ಮೆಚ್ಚಿಗೆಯಾದ ಉಪವಾಸ ಎಂದು ದೇವರು ಯೆಶಾಯ ಪ್ರವಾದಿಯ ಬಾಯಲ್ಲಿ ಹೇಳಿಸಿದ್ದು ಇದನ್ನೇ. ಹಸಿವು ಮತ್ತು ರೋಗದ ವಿರುದ್ಧ ಕಾರಿತಾಸ್ ಇಂಡಿಯಾ ಅಭಿಯಾನ ನಡೆಸುವುದು ತಪಸ್ಸುಕಾಲದಲ್ಲೇ. ಬಿಟ್ಟ ಊಟದ ಬೆಲೆ ಅಂಥ ಡಬ್ಬಿಗೆ ಬಿದ್ದಾಗ ನೇಮದ ಲೆಕ್ಕ ಪೂರ್ತಿಯಾಗುತ್ತದೆ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ

2026: ಡಿಸೆಂಬರ್ 25, ಕ್ರಿಸ್ಮಸ್, ಶುಕ್ರವಾರ. ಮಾಂಸ ವರ್ಜನೆ ಇಲ್ಲ.

2027: ಜನವರಿ 1, ದೇವಮಾತೆಯ ಮಹೋತ್ಸವ, ಶುಕ್ರವಾರ. ವರ್ಜನೆ ಇಲ್ಲ. ಫೆಬ್ರುವರಿ 10, ಬೂದಿ ಬುಧವಾರ. ಮಾರ್ಚ್ 19, ಸಂತ ಜೋಸೆಫರು, ಶುಕ್ರವಾರ. ವರ್ಜನೆ ಇಲ್ಲ. ಮಾರ್ಚ್ 25 ಪವಿತ್ರ ಗುರುವಾರವಾದ್ದರಿಂದ ಮಂಗಳವಾರ್ತೆ ಏಪ್ರಿಲ್ 5ಕ್ಕೆ. ಮಾರ್ಚ್ 26, ಶುಭ ಶುಕ್ರವಾರ. ಮಾರ್ಚ್ 28, ಈಸ್ಟರ್. ಏಪ್ರಿಲ್ 2, ಈಸ್ಟರ್ ವಾರದ ಶುಕ್ರವಾರ. ಆ ಎಂಟು ದಿನವೂ ಮಹೋತ್ಸವದ ತೂಕದವು, ಆದ್ದರಿಂದ ವರ್ಜನೆ ಇಲ್ಲ. ಜೂನ್ 4, ಯೇಸುವಿನ ಪವಿತ್ರ ಹೃದಯ. ಈ ಮಹೋತ್ಸವ ಪ್ರತಿ ವರ್ಷ ಶುಕ್ರವಾರವೇ ಬರುತ್ತದೆ.

2028: ಮಾರ್ಚ್ 1, ಬೂದಿ ಬುಧವಾರ. ಮಾರ್ಚ್ 19 ಭಾನುವಾರ, ಸಂತ ಜೋಸೆಫರು 20ರ ಸೋಮವಾರಕ್ಕೆ. ಮಾರ್ಚ್ 25 ಶನಿವಾರ, ಹಿಂದಿನ ದಿನದ ಶುಕ್ರವಾರಕ್ಕೆ ರಿಯಾಯಿತಿ ಇಲ್ಲ. ಏಪ್ರಿಲ್ 14, ಶುಭ ಶುಕ್ರವಾರ. ಏಪ್ರಿಲ್ 16, ಈಸ್ಟರ್.

ಮುಂದೆ ಸಂತ ಜೋಸೆಫರ ದಿನ ಮತ್ತೆ ಶುಕ್ರವಾರ ಬರುವುದು 2032ರಲ್ಲಿ, ಮಂಗಳವಾರ್ತೆಯದು 2033ರಲ್ಲಿ.

ಡಬರಿ ವಾಪಸ್ ಹೋದದ್ದು

ಆ ಶುಕ್ರವಾರ ಡಬರಿ ಫ್ರಿಜ್ಜಿಗೆ ಹೋಯಿತು. ಕೊಟ್ಟದ್ದನ್ನು ಬೇಡವೆನ್ನುವುದು ನೇಮವಲ್ಲ, ಅನಾದರ. ಶನಿವಾರ ಬಿಸಿಮಾಡಿ ಮುದ್ದೆ ಜೊತೆ ಉಂಡೆವು, ಒಂದು ದಿನ ಕಳೆದ ಸಾರಿಗೆ ರುಚಿ ಜಾಸ್ತಿ ಅಂತ ಮಗನೇ ಒಪ್ಪಿಕೊಂಡ. ಖಾಲಿ ಪಾತ್ರೆ ಹಿಂತಿರುಗಿಸಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ಸಂಜೆ ಒಯ್ದು ಕೊಟ್ಟೆ. ನಿನ್ನೆಯೇ ಏಕೆ ಉಣ್ಣಲಿಲ್ಲವೆಂದು ಅಕ್ಕ ಕೇಳಿದಾಗ ವಿಷಯ ಹೇಳಬೇಕಾಯಿತು.

"ಅಯ್ಯೋ, ನಮ್ಮನೇಲೂ ಶುಕ್ರವಾರ ಮುಟ್ಟಲ್ಲ ಕಣಮ್ಮ, ಲಕ್ಷ್ಮಿ ವಾರ" ಅಂದರು. "ಮತ್ತೆ ನಿನ್ನೆ?" ಎಂದೆ. "ಹೊಸತೊಡಕಿಗೆ ವಾರ ನೋಡ್ತಾರಾ? ಅದು ದೊಡ್ಡ ದಿನ ಅಲ್ವಾ."

1251ನೇ ವಿಧಿಯನ್ನು ಇದಕ್ಕಿಂತ ಚಿಕ್ಕದಾಗಿ ಯಾವ ಪಂಡಿತರೂ ಹೇಳಲಾರರು. ಹಾಗಾದರೆ ಮುಂದಿನ ವರ್ಷ ಮಾರ್ಚ್ 19 ನಮ್ಮ ದೊಡ್ಡ ದಿನ, ಶುಕ್ರವಾರವೇ ಬರುತ್ತೆ, ಸಾರು ನಮ್ಮ ಮನೆಯಿಂದ ಎಂದೆ. ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿ ನಕ್ಕರು. "ಅವತ್ತು ನಿಮಗೆ ಹಬ್ಬ, ನಮಗೆ ಬರೀ ಶುಕ್ರವಾರ. ನಮಗೆ ಪಾಯಸ ಕಳ್ಸಿ."